ಸೈಲೆನ್ಸರ್ ಬಿಚ್ಚುವ ಮೊದಲು



ಕಾರನ್ನು ಓಟಕ್ಕೆ ಸಜ್ಜು ಮಾಡುವ ಹುಚ್ಚು ಹತ್ತಿದ ಹುಡುಗ ನಮ್ಮ ಕಡೆ ಮೊದಲು ಕೈ ಹಾಕುವುದು ಸೈಲೆನ್ಸರಿಗೆ. ಅದನ್ನು ಬಿಚ್ಚಿ ದಪ್ಪನೆಯ ಪೈಪು ಕೂಡಿಸಿದರೆ ಗಾಡಿ ಗುಡುಗುತ್ತದೆ. ಆಮೇಲೆ ಏರ್ ಫಿಲ್ಟರ್, ಆಮೇಲೆ ಅಗಲವಾದ ಟೈರು, ಹಿಂದಿನ ಗಾಜಿನ ಮೇಲೆ ಹೆಸರು. ದುಡ್ಡು ಉಳಿದರೆ ಬ್ರೇಕು. ಈ ಕ್ರಮ ತಲೆಕೆಳಗಾಗಿದೆ ಎಂದು ಹೇಳುವುದಕ್ಕೇ ಈ ಹೊತ್ತು ನಿಮ್ಮೆದುರು ಬಂದಿದ್ದೇನೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹುಡುಗರನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತೇನೆ. ಅವರ ಕೈಯಲ್ಲಿ ಕಸುಬಿದೆ, ಎದೆಯಲ್ಲಿ ಧೈರ್ಯವಿದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಿಕೊಡುವವರು ಮಾತ್ರ ಸಿಕ್ಕಿಲ್ಲ.

ಗ್ಯಾರೇಜುಗಳಲ್ಲಿ ನನಗೆ ಮತ್ತೆ ಮತ್ತೆ ಎದುರಾಗುವ ಮಾತು ಹೀಗಿರುತ್ತದೆ:

“ಸರ, ಫಿಲ್ಟರ್ ಬದಲಿ ಮಾಡಿಸೀನ್ರಿ, ಸೈಲೆನ್ಸರ್ ಬದಲಿ ಮಾಡಿಸೀನ್ರಿ. ಇನ್ನ ಏನ್ ಮಾಡಿಸಬೇಕ್ರಿ?”

“ಬ್ರೇಕ್ ಆಯಿಲ್ ಯಾವಾಗ ಬದಲಿ ಮಾಡಿಸಿದ್ಯೋ ತಮ್ಮಾ?”

“ಅದನ್ನೂ ಬದಲಿ ಮಾಡೂದಿರ್ತೈತೇನ್ರಿ?”

ಇರುತ್ತದೆ. ಆ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು, ಓಡಿಸುವುದು ಎಲ್ಲಿ ಎಂಬ ಮಾತು ಆಗಬೇಕು.

ಓಟದ ಮೋಹ ನಮಗೆ ಹೊಸದಲ್ಲ. ಮುಧೋಳದ ಬೇಟೆನಾಯಿ ಹೆಸರಾದದ್ದು ಓಟದಿಂದಲೇ. ಬಾಗಲಕೋಟೆ, ವಿಜಯಪುರಗಳ ಸೈಕಲ್ ಹುಡುಗ-ಹುಡುಗಿಯರು ರಾಜ್ಯದ ಆಚೆಗೂ ಹೋಗಿ ಗೆದ್ದು ಬಂದಿದ್ದಾರೆ. ಜಾತ್ರೆ ಬಂದರೆ ಚಕ್ಕಡಿ ಶರ್ಯತ್ತು, ತೆರೆಬಂಡಿ. ಇವುಗಳ ಮೇಲೆ 2014ರಲ್ಲಿ ಸುಪ್ರೀಂ ಕೋರ್ಟಿನ ತಡೆ ಬಿದ್ದಿತ್ತು. 2017ರಲ್ಲಿ ಕರ್ನಾಟಕ ಕಾನೂನಿಗೆ ತಿದ್ದುಪಡಿ ತಂದಿತು, ಅದನ್ನು 2023ರ ಮೇ 18ರಂದು ಸಂವಿಧಾನ ಪೀಠ ಎತ್ತಿಹಿಡಿಯಿತು. ಶರ್ಯತ್ತಿಗೆ ಎತ್ತು ಸಾಕುವ ಹಿರಿಯರನ್ನು ನೋಡಿ. ಖಿಲಾರಿ ಜೋಡಿ ಕೊಂಡು ತಂದವರು ಅವುಗಳ ಓಟ ನೋಡುವ ಮೊದಲು ಗೊರಸು ನೋಡುತ್ತಾರೆ, ಲಾಳ ಸಡಿಲಾಗಿದೆಯೇ ಎಂದು ಕಾಲೆತ್ತಿ ತಟ್ಟುತ್ತಾರೆ, ಹೆಗಲ ಮೇಲೆ ನೊಗ ಉಜ್ಜಿದ ಗಾಯವಿದೆಯೇ ಎಂದು ಕೈಯಾಡಿಸುತ್ತಾರೆ, ಮೇವು-ನೀರಿನ ಲೆಕ್ಕ ಇಡುತ್ತಾರೆ, ಓಟದ ಹಿಂದಿನ ದಿನ ದುಡಿಮೆಗೆ ಹೂಡುವುದಿಲ್ಲ. ಲಾಳ ನೋಡುವ ಆ ಕಣ್ಣನ್ನೇ ಕಾರಿನ ಕೆಳಗೆ ತಿರುಗಿಸಿದರೆ ನಾನು ಹೇಳಬೇಕಾದ್ದರಲ್ಲಿ ಅರ್ಧ ನಿಮಗೆ ಆಗಲೇ ಗೊತ್ತಿದ್ದಂತೆ.

ಈಗ ರಸ್ತೆಯ ಮಾತು. ಜಮಖಂಡಿ–ಮುಧೋಳ ರಸ್ತೆಯ ಮೇಲಾಗಲಿ, ಬೀಳಗಿಯ ಕಡೆಗಾಗಲಿ ರಾತ್ರಿ ಕಾರು ಬಿಟ್ಟು ಯಾರದ್ದು ಮುಂದೆ ಎಂದು ನೋಡುವುದು ಕೊಲೆಗೆ ಸಮೀಪದ ಕೆಲಸ. ಇದನ್ನು ಮೆತ್ತಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರು ಎದುರಿಗೆ ತೆವಳುತ್ತಿರುತ್ತದೆ, ಕಬ್ಬಿನ ತುದಿ ಅದರ ಹಿಂದೀಪವನ್ನು ಮುಚ್ಚಿರುತ್ತದೆ. ಗಂಟೆಗೆ 120 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 33 ಮೀಟರ್ ಕ್ರಮಿಸುತ್ತದೆ. ಕತ್ತಲಲ್ಲಿ ಟ್ರಾಲಿ ಕಂಡು, ಕಾಲು ಬ್ರೇಕಿನ ಮೇಲೆ ಬರುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 189ನೆಯ ಕಲಮು ಅನುಮತಿಯಿಲ್ಲದೆ ರಸ್ತೆಯ ಮೇಲೆ ಪಂದ್ಯ ಕಟ್ಟುವುದನ್ನು ಅಪರಾಧವೆನ್ನುತ್ತದೆ. 52ನೆಯ ಕಲಮು ಕಂಪನಿ ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವುದನ್ನು ತಡೆಯುತ್ತದೆ. ಆದರೆ ನನಗೆ ದಂಡದ ಚಿಂತೆಗಿಂತ ಆ ಟ್ರಾಲಿಯ ಹಿಂದೆ ಸೈಕಲ್ ಮೇಲೆ ಹೋಗುತ್ತಿರುವವನ ಚಿಂತೆ ದೊಡ್ಡದು.

ಹಾಗಾದರೆ ಎಲ್ಲಿ? ಅದಕ್ಕೆಂದೇ ‘ಟ್ರ್ಯಾಕ್ ಡೇ’ ಇದೆ. ನಿಗದಿತ ದಿನ ಶುಲ್ಕ ಕಟ್ಟಿ, ನಿಮ್ಮದೇ ಕಾರನ್ನು ಮುಚ್ಚಿದ ಓಟದ ಹಾದಿಯಲ್ಲಿ ಓಡಿಸುವುದು. ಅದು ಪಂದ್ಯವಲ್ಲ, ಬಹುಮಾನವಿಲ್ಲ. ಹದಿನೈದು-ಇಪ್ಪತ್ತು ನಿಮಿಷದ ಸರದಿಗಳು. ಎದುರಿನಿಂದ ಯಾರೂ ಬರುವುದಿಲ್ಲ, ಆಂಬುಲೆನ್ಸ್ ನಿಂತಿರುತ್ತದೆ, ಬೆಂಕಿ ಆರಿಸುವವರು ಇರುತ್ತಾರೆ, ಬಾವುಟ ಹಿಡಿದವರು ತಿರುವುಗಳಲ್ಲಿ ಕಾಯುತ್ತಿರುತ್ತಾರೆ. ನಮಗೆ ಹತ್ತಿರದ್ದೆಂದರೆ ಕೊಲ್ಹಾಪುರದ ಮೋಹಿತೆ ರೇಸಿಂಗ್ ಅಕಾಡೆಮಿಯ ಕಾರ್ಟಿಂಗ್ ಹಾದಿ. ಅಲ್ಲಿ ಚಿಕ್ಕ ಕಾರ್ಟಿನಲ್ಲಿ ಕೂತು ಕಲಿಯಲು ಅಡ್ಡಿಯಿಲ್ಲ, ನನ್ನ ಪ್ರಕಾರ ಎಲ್ಲರೂ ಅಲ್ಲಿಂದಲೇ ಆರಂಭಿಸಬೇಕು. ದೊಡ್ಡ ಕಾರಿಗೆ ಬೆಂಗಳೂರು ದಾಟಿದರೆ ಹಾದಿಗಳಿವೆ: ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಯಲ್ಲಿ 3.7 ಕಿಲೋಮೀಟರ್ ಉದ್ದದ ಹಾದಿ, ಕೊಯಮತ್ತೂರಿನ ಚೆಟ್ಟಿಪಾಳ್ಯದಲ್ಲಿ 2003ರಲ್ಲಿ ಆರಂಭವಾದ ಕರಿ ಮೋಟಾರ್ ಸ್ಪೀಡ್‌ವೇ. ಮಣ್ಣಿನ ಹಾದಿಯ ರ‍್ಯಾಲಿ ಬೇಕಾದವರಿಗೆ ನಮ್ಮದೇ ರಾಜ್ಯದಲ್ಲಿ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ಇದೆ, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಓಟ ಇದೆ.

ಆ ಕರಿ ಮೋಟಾರ್ ಸ್ಪೀಡ್‌ವೇಗೆ ಹೆಸರು ಬಂದದ್ದು ಎಸ್. ಕರಿವರ್ಧನ್ ಅವರಿಂದ. ಅವರ ಕತೆಯನ್ನು ಬನಹಟ್ಟಿಯವರು ಕೇಳಲೇಬೇಕು. ಕೊಯಮತ್ತೂರು ನೂಲಿನ ಗಿರಣಿಗಳ ಊರು. ಗಿರಣಿ ಇದ್ದಲ್ಲಿ ಲೇತ್ ಮಷಿನ್ ಇರುತ್ತದೆ, ಎರಕದವರಿರುತ್ತಾರೆ, ಕೂದಲೆಳೆಯಷ್ಟು ಅಳತೆ ತಪ್ಪದೆ ಶಾಫ್ಟ್ ತಿರುವುವವರಿರುತ್ತಾರೆ. ಅಂಥ ಊರಿನ, ಅಂಥದೇ ಗಿರಣಿ ಮನೆತನದ ಕರಿವರ್ಧನ್, ಮನೆಮನೆಗೂ ಬರತೊಡಗಿದ್ದ ಮಾರುತಿ 800ರ ಎಂಜಿನ್ ಎತ್ತಿಕೊಂಡು 1988ರಲ್ಲಿ ಒಬ್ಬನೇ ಕೂರುವ ಓಟದ ಕಾರು ಕಟ್ಟಿದರು. ಅದೇ ಫಾರ್ಮುಲಾ ಮಾರುತಿ. ಎಂಜಿನ್ ಗಾತ್ರ 796 ಸಿಸಿ. ಪರದೇಶದ ದುಬಾರಿ ಕಾರು ತರಿಸಲಾಗದ ಹುಡುಗರೂ ಓಡಿಸುವಂತಾಯಿತು. ಆ ಊರಿನಿಂದಲೇ ಬಂದ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್‌ಗೆ ಕಾಲಿಟ್ಟ ಮೊದಲ ಭಾರತೀಯನಾದರು. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಅದನ್ನು ನೋಡಲು ಅವರಿರಲಿಲ್ಲ.

ರಬಕವಿ-ಬನಹಟ್ಟಿಯಲ್ಲೂ ಮಗ್ಗಗಳಿವೆ, ಮಗ್ಗಕ್ಕೆ ಬಿಡಿಭಾಗ ಮಾಡಿಕೊಡುವ ಕೈಗಳಿವೆ. ಮುಧೋಳ, ಜಮಖಂಡಿಯಲ್ಲಿ ರಾತ್ರೋರಾತ್ರಿ ಟ್ರ್ಯಾಕ್ಟರಿನ ಗೇರ್ ಬಾಕ್ಸ್ ಇಳಿಸಿ ಬೆಳಗಾಗುವಷ್ಟರಲ್ಲಿ ಏರಿಸುವ ಮಿಸ್ತ್ರಿಗಳಿದ್ದಾರೆ. ಈ ಕಸುಬು ಸಾಮಾನ್ಯವಾದುದಲ್ಲ. ಓಟದ ಕಾರಿಗೆ ಬೇಕಾದದ್ದು ಇದೇ.

ಇನ್ನು ಕಾರಿಗೆ ಬರೋಣ. ಮೊದಲು ನಿಲ್ಲಿಸುವ ಮಾತು.

ಸುಮಾರು 1,000 ಕೆ.ಜಿ. ತೂಕದ ಕಾರು 120ರ ವೇಗದಲ್ಲಿ ಬಂದು, ತಿರುವಿನ ಮುಂದೆ 60ಕ್ಕೆ ಇಳಿಯಬೇಕು ಎಂದುಕೊಳ್ಳಿ. ಆ ಒಂದು ಸಲದ ಬ್ರೇಕಿನಲ್ಲಿ 400 ಕಿಲೋಜೂಲಿಗಿಂತ ಹೆಚ್ಚು ಶಕ್ತಿ ಬಿಸಿಯಾಗಿ ಬದಲಾಗುತ್ತದೆ. ಒಂದು ಲೀಟರ್ ತಣ್ಣೀರನ್ನು ಕುದಿಗೆ ತರಲು ಅಷ್ಟು ಸಾಕು. ಅದರ ಬಹುಪಾಲು ಮುಂದಿನ ಎರಡು ಡಿಸ್ಕುಗಳ ಮೇಲೆ ಬೀಳುತ್ತದೆ. ಊರ ರಸ್ತೆಯಲ್ಲಿ ಇಂಥ ಬ್ರೇಕು ಅಪರೂಪಕ್ಕೊಮ್ಮೆ ಹಾಕುತ್ತೇವೆ. ಓಟದ ಹಾದಿಯಲ್ಲಿ ಪ್ರತಿ ಸುತ್ತಿನಲ್ಲಿ ನಾಲ್ಕೈದು ಸಲ, ಡಿಸ್ಕು ತಣಿಯಲು ಬಿಡುವು ಕೊಡದೆ ಹಾಕುತ್ತೇವೆ.

ಆ ಬಿಸಿ ಪ್ಯಾಡಿನಿಂದ ಪಿಸ್ಟನ್ನಿಗೆ, ಪಿಸ್ಟನ್ನಿನಿಂದ ಬ್ರೇಕ್ ಆಯಿಲಿಗೆ ಇಳಿಯುತ್ತದೆ. ಎಲ್ಲರೂ ಅದನ್ನು ಆಯಿಲ್ ಎನ್ನುತ್ತೇವಾದರೂ ಅದು ಎಂಜಿನ್ನಿನ ಎಣ್ಣೆಯ ಜಾತಿಯದಲ್ಲ. ಗಾಳಿಯಲ್ಲಿನ ತೇವವನ್ನು ಹೀರುವುದು ಅದರ ಗುಣ. ಡಬ್ಬಿ ಒಡೆದ ಹೊಸ ಡಾಟ್ 4 ದರ್ಜೆಯ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬ ನಿಯಮವಿದೆ. ವರ್ಷಗಟ್ಟಲೆ ತೇವ ಹೀರಿ, ಶೇಕಡಾ 3.7ರಷ್ಟು ನೀರು ಬೆರೆತರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ. ಕುದಿದ ದ್ರವದಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಒತ್ತಿದರೆ ಒತ್ತಡ ಚಕ್ರಕ್ಕೆ ಮುಟ್ಟುತ್ತದೆ. ಆವಿಯನ್ನು ಒತ್ತಿದರೆ ಆವಿ ಕುಗ್ಗುತ್ತದೆ, ಅಷ್ಟೇ. ಪೆಡಲ್ ಸೀದಾ ತಳಕ್ಕೆ ಹೋಗುತ್ತದೆ, ಕಾರು ಹೋದಷ್ಟೇ ವೇಗದಲ್ಲಿ ಹೋಗುತ್ತಿರುತ್ತದೆ. ಹಿಂದಿನ ಸುತ್ತಿನ ತನಕ ಚೆನ್ನಾಗಿದ್ದ ಬ್ರೇಕು ಈ ಸುತ್ತಿಗೆ ಇಲ್ಲವಾಗುವುದು ಹೀಗೆ.

ಆದ್ದರಿಂದ ಟ್ರ್ಯಾಕಿಗೆ ಹೋಗುವ ವಾರವೇ ಹಳೆಯ ದ್ರವವನ್ನು ಪೂರ್ತಿ ತೆಗೆಸಿ, ಹೊಸ ಸೀಲಿನ ಡಬ್ಬಿ ಒಡೆಸಿ, ನಾಲ್ಕೂ ಚಕ್ರದಲ್ಲಿ ಗಾಳಿ ಬಿಡಿಸಿ ಬದಲಿಸಿ. ಗ್ಯಾರೇಜಿನ ಮೂಲೆಯಲ್ಲಿ ಮುಚ್ಚಳ ತೆರೆದಿಟ್ಟ ಅರ್ಧ ಡಬ್ಬಿ ಬೇಡವೇ ಬೇಡ. ಅದು ಎಷ್ಟು ತೇವ ಕುಡಿದಿದೆಯೋ ಯಾರೂ ಹೇಳಲಾರರು. ಕೈಗೆ ಸಿಕ್ಕ ಎಂಜಿನ್ ಆಯಿಲನ್ನು ಒಂದು ತೊಟ್ಟು ಕೂಡ ಬ್ರೇಕಿನ ಡಬ್ಬಿಗೆ ಹಾಕಬಾರದು, ಒಳಗಿನ ರಬ್ಬರು ಉಬ್ಬಿ ಹಾಳಾಗುತ್ತದೆ. ಪ್ಯಾಡು ಅರ್ಧಕ್ಕಿಂತ ತೆಳುವಾಗಿದ್ದರೆ ರಸ್ತೆಗೆ ಇನ್ನೂ ನಡೆದೀತು, ಟ್ರ್ಯಾಕಿಗೆ ನಡೆಯದು. ತೆಳು ಪ್ಯಾಡು ಬಿಸಿಯನ್ನು ತಡೆದು ನಿಲ್ಲಿಸುವುದಿಲ್ಲ. ರಬ್ಬರಿನ ಬ್ರೇಕ್ ಪೈಪನ್ನು ಬಾಗಿಸಿ ನೋಡಿ, ಬಿರುಕು ಕಂಡರೆ ಹೊಸತು. ಸರದಿ ಮುಗಿಸುವ ಮೊದಲು ಕೊನೆಯ ಒಂದು ಸುತ್ತನ್ನು ಬ್ರೇಕು ಮುಟ್ಟದೆ ನಿಧಾನ ಬನ್ನಿ, ಗಾಳಿ ಡಿಸ್ಕನ್ನು ತಣಿಸುತ್ತದೆ. ಬಂದು ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಕಾದ ಲೋಹಕ್ಕೆ ಪ್ಯಾಡನ್ನೋ ಲೈನರನ್ನೋ ಒತ್ತಿ ಹಿಡಿದರೆ ಅಲ್ಲೇ ಅಂಟುತ್ತದೆ, ಡಿಸ್ಕು ಸೊಟ್ಟಾಗುವುದೂ ಉಂಟು. ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲೋ ಕಟ್ಟಿಗೆಯೋ ಒತ್ತು ಕೊಡಿ.

ಬ್ರೇಕಿನ ಮಾತು ಉದ್ದವಾಯಿತು. ಉದ್ದವಾಗಲೆಂದೇ ಹೇಳಿದೆ. ಇಷ್ಟಕ್ಕೆಲ್ಲ ಆಗುವ ಖರ್ಚು ಆ ಗುಡುಗುವ ಸೈಲೆನ್ಸರಿನ ಖರ್ಚಿಗಿಂತ ಕಡಿಮೆ.

ಟೈರಿನ ಹವಾ. ಪೆಟ್ರೋಲ್ ಬಂಕಿನಲ್ಲಿ ಹುಡುಗ ಹಾಕಿದಷ್ಟು ಎಂದು ಬಿಡುವಂತಿಲ್ಲ, ನಿಮ್ಮದೇ ಗೇಜು ಇರಲಿ. 25 ಡಿಗ್ರಿಯಲ್ಲಿ 30 ಪೌಂಡ್ ತುಂಬಿದ ಟೈರು ಓಡಿ ಓಡಿ ಒಳಗಿನ ಗಾಳಿ 75 ಡಿಗ್ರಿಗೆ ಏರಿದರೆ 37ರ ಮೇಲೆ ತೋರಿಸುತ್ತದೆ. ಉಬ್ಬಿದ ಟೈರು ನಡುಪಟ್ಟಿಯ ಮೇಲಷ್ಟೇ ನೆಲ ಹಿಡಿಯುತ್ತದೆ, ತಿರುವಿನಲ್ಲಿ ಜಾರುತ್ತದೆ. ಅದಕ್ಕೆ ಸರದಿ ಮುಗಿದು ಬಂದ ಕೂಡಲೇ, ಬಿಸಿಯಿರುವಾಗಲೇ ಅಳೆದು, ಹೆಚ್ಚಾದ ಹವಾ ಬಿಡುತ್ತಾರೆ. ಟೈರಿನ ಅಂಚಿನಿಂದ ಗೋಡೆಯ ತನಕ ಸುಣ್ಣದ ಕಡ್ಡಿಯಿಂದ ಗೆರೆ ಎಳೆಯಿರಿ. ಎಷ್ಟು ದೂರ ಗೆರೆ ಅಳಿಸಿದೆಯೋ ಅಷ್ಟು ದೂರ ಟೈರು ಹೊರಳಿದೆ ಎಂದರ್ಥ. ಗೆರೆ ತೀರ ಕೆಳಗಿನವರೆಗೂ ಅಳಿಸಿದ್ದರೆ ಹವಾ ಕಡಿಮೆ. ಸಂಜೆ ಮನೆಯ ಹಾದಿ ಹಿಡಿಯುವ ಮೊದಲು, ತಣಿದ ಟೈರಿಗೆ ಮತ್ತೆ ರಸ್ತೆಯ ಲೆಕ್ಕದ ಹವಾ ತುಂಬಲೇಬೇಕು. ಎಷ್ಟೋ ಜನ ಮರೆಯುವುದು ಇದನ್ನೇ. ಕಡಿಮೆ ಹವಾದಲ್ಲಿ ಹೆದ್ದಾರಿಯ ಮೇಲೆ ನೂರಾರು ಕಿಲೋಮೀಟರ್ ಓಡಿದ ಟೈರು ಒಡೆಯುತ್ತದೆ.

ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. 2322 ಎಂದಿದ್ದರೆ 2022ನೆಯ ಇಸವಿಯ 23ನೆಯ ವಾರ ತಯಾರಾದದ್ದು. ಪಟ್ಟಿ ಚೆನ್ನಾಗಿ ಕಂಡರೂ ರಬ್ಬರು ಮುದಿಯಾಗಿ ಗಟ್ಟಿಯಾದರೆ ಹಿಡಿತ ಹೋಗುತ್ತದೆ. ಟ್ರಾಲಿಗೆ ಹಾಕುವ ರಿಮೋಲ್ಡ್ ಟೈರನ್ನು ಇಲ್ಲಿ ನೆನೆಯುವುದೂ ಬೇಡ, ಬಿಸಿಗೆ ಪಟ್ಟಿ ಕಿತ್ತು ಬರುತ್ತದೆ.

ಚಕ್ರದ ನಟ್ಟಿನ ಬಗ್ಗೆ ನಮ್ಮಲ್ಲಿ ಒಂದು ಕೆಟ್ಟ ರೂಢಿಯಿದೆ. ಪಾನಾಕ್ಕೆ ಉದ್ದದ ಪೈಪು ಸಿಕ್ಕಿಸಿ, ಅದರ ಮೇಲೆ ಹತ್ತಿ ನಿಂತು ಬಿಗಿ ಮಾಡುವುದು. ಟ್ರ್ಯಾಕ್ಟರಿಗೆ ಅದು ನಡೆಯುತ್ತದೇನೋ. ಕಾರಿನ ಸ್ಟಡ್ ಎಳೆದಂತಾಗಿ ಸಣ್ಣಗೆ ಹಿಗ್ಗುತ್ತದೆ, ಮುಂದೊಂದು ದಿನ ಕತ್ತರಿಸುತ್ತದೆ. ಟಾರ್ಕ್ ಪಾನಾ ಕೊಳ್ಳಿ. ಕಾರಿನ ಪುಸ್ತಕದಲ್ಲಿ ಹೇಳಿದಷ್ಟು ಬಿಗಿ, ಒಂದು ನಟ್ಟಾದ ಮೇಲೆ ಎದುರಿನ ನಟ್ಟು ಎಂಬ ಕ್ರಮದಲ್ಲಿ. ಮೊದಲ ಸರದಿ ಮುಗಿದು ಚಕ್ರ ತಣಿದ ಮೇಲೆ ಮತ್ತೊಮ್ಮೆ ನೋಡಬೇಕು.

ಎಂಜಿನ್ನಿನ ಎಣ್ಣೆ. ಸಾಮಾನ್ಯ ಕಾರಿನಲ್ಲಿ ಎಣ್ಣೆ ತಳದ ಬೋಗುಣಿಯಲ್ಲಿ ನಿಂತಿರುತ್ತದೆ, ಪಂಪು ಅಲ್ಲಿಂದ ಹೀರುತ್ತದೆ. ಬಿರುಸಾಗಿ ತಿರುವು ತೆಗೆದಾಗ ಎಣ್ಣೆಯೆಲ್ಲ ಒಂದು ಪಕ್ಕಕ್ಕೆ ಏರಿ, ಪಂಪಿನ ಬಾಯಿಗೆ ಗಾಳಿ ಸಿಗುತ್ತದೆ. ಒಂದೆರಡು ಸೆಕೆಂಡು ಎಣ್ಣೆಯ ಒತ್ತಡ ಬಿದ್ದರೂ ಕ್ರ್ಯಾಂಕಿನ ಬೇರಿಂಗ್ ಉಜ್ಜಿಹೋಗಬಹುದು. ಕಡ್ಡಿಯಲ್ಲಿ ಮೇಲಿನ ಗೆರೆಯ ಮಟ್ಟದ ತನಕ ಎಣ್ಣೆ ಇರಲಿ, ಅದಕ್ಕಿಂತ ಹೆಚ್ಚೂ ಬೇಡ. ಒಳ್ಳೆಯ ಲೇತ್ ಕೆಲಸದವರು, ವೆಲ್ಡಿಂಗ್ ಬಲ್ಲವರು ಬೋಗುಣಿಯೊಳಗೆ ತಗಡಿನ ತಡೆ ಕೂಡಿಸಿಕೊಡಬಲ್ಲರು. ಎರಡು ಮೂರು ಸಲ ಟ್ರ್ಯಾಕಿಗೆ ಹೋಗಿ ಬಂದ ಮೇಲೆ ಎಣ್ಣೆ ಬದಲಿಸಿ, ಹಳೆಯ ಫಿಲ್ಟರನ್ನು ಎಸೆಯದೆ ಕೊಯ್ದು ಒಳಗಿನ ಕಾಗದವನ್ನು ಬೆಳಕಿಗೆ ಹಿಡಿಯಿರಿ. ಮಿಣುಕುವ ಲೋಹದ ಪುಡಿ ಕಂಡರೆ ಎಂಜಿನ್ ಮುಂದಿನ ಸಲ ಬೇಡ ಎನ್ನುತ್ತಿದೆ.

ನೀರಿನ ವಿಷಯ ನಮ್ಮ ನೆಲಕ್ಕೇ ಸೇರಿದ್ದು. ನಮ್ಮ ಕಡೆ ಬೋರಿನ ನೀರು ಬಹಳ ಕಡೆ ಸವಳು. ಅದನ್ನು ರೇಡಿಯೇಟರಿಗೆ ಸುರಿದರೆ ಚಹಾ ಕಾಸುವ ಪಾತ್ರೆಯ ತಳದ ಬಿಳಿ ಪದರವೇ ಕೊಳವೆಗಳೊಳಗೂ ಕಟ್ಟುತ್ತದೆ. ಆ ಪದರ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಕೂಲಂಟ್ ಬೆರೆಸಿ ಹಾಕಿ. ಹೊರಗಿನಿಂದ ರೇಡಿಯೇಟರಿನ ಜಾಲಿಯಲ್ಲಿ ಕರಿಮಣ್ಣಿನ ಧೂಳು, ಕಬ್ಬಿನ ರವದಿ ಸಿಕ್ಕಿಕೊಂಡಿರುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ, ಜೋರಾಗಿ ಬಿಟ್ಟರೆ ತೆಳು ತಗಡು ಮಡಚುತ್ತದೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ರಸ್ತೆಯ ಮೇಲೇ ಬಿಸಿ ಸೂಚಿ ಮೇಲೇರುವ ಕಾರನ್ನು ಟ್ರ್ಯಾಕಿಗೆ ಒಯ್ಯಬಾರದು.

ಇಂಧನದ ವಿಷಯ ನಮ್ಮ ಹೊಲದಿಂದಲೇ ಶುರುವಾಗುತ್ತದೆ. ಸಮೀರವಾಡಿಯ, ಮುಧೋಳದ ಕಾರ್ಖಾನೆಗಳು ಸಕ್ಕರೆಯ ಜೊತೆ ಎಥೆನಾಲ್ ತೆಗೆಯುತ್ತವೆ. ಒಂದು ಟನ್ ಕಬ್ಬಿನ ರಸದಿಂದ ನೇರವಾಗಿ ಸುಮಾರು 70 ಲೀಟರ್ ಎಥೆನಾಲ್ ಬರುತ್ತದೆ. ಪೆಟ್ರೋಲಿಗೆ ಶೇಕಡಾ 20 ಎಥೆನಾಲ್ ಬೆರೆಸುವ ಗುರಿಯನ್ನು ದೇಶ ಮೊದಲು 2030ಕ್ಕೆಂದು ಇಟ್ಟು, ಆಮೇಲೆ 2025ಕ್ಕೆ ಹಿಂದಕ್ಕೆ ತಂದು ಮುಟ್ಟಿತು. ಹಾಗಾಗಿ ಇಂದು ನೀವು ಬಂಕಿನಲ್ಲಿ ಹಾಕಿಸುವ ಐದು ಲೀಟರಿನಲ್ಲಿ ಒಂದು ಲೀಟರ್ ಯಾವುದೋ ಹೊಲದ ಬೆಳೆ. ನಮ್ಮ ಕಬ್ಬಿಗೂ ಓಟದ ಕಾರಿಗೂ ಇಷ್ಟು ಹತ್ತಿರದ ನಂಟು ಇರುವುದು ನನಗೆ ಹೆಮ್ಮೆಯ ಸಂಗತಿ.

ಎಥೆನಾಲ್ ಓಟಕ್ಕೆ ಒಳ್ಳೆಯದೇ. ಅಮೆರಿಕದ ಇಂಡಿಕಾರ್ ಪಂದ್ಯದ ಕಾರುಗಳು 2007ರಲ್ಲಿ ಎಥೆನಾಲಿನ ಮೇಲೆ ಓಡಿದವು. ಅದಕ್ಕೆ ಆಕ್ಟೇನ್ ಹೆಚ್ಚು, ಎಂದರೆ ಎಂಜಿನ್ನಿನೊಳಗೆ ಹೊತ್ತಿಗೆ ಮುಂಚೆ ತಾನಾಗಿ ಸಿಡಿಯುವುದಿಲ್ಲ. ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಪೆಟ್ರೋಲಿಗಿಂತ ಬಹಳ ಹೆಚ್ಚು ಹೀರಿ ಒಳಹೋಗುವ ಗಾಳಿಯನ್ನು ತಣಿಸುತ್ತದೆ. ಆದರೆ ಲೀಟರಿಗೆ ಅದರಲ್ಲಿರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ಒಂದು ತೂಕ ಪೆಟ್ರೋಲ್ ಪೂರ್ತಿ ಉರಿಯಲು 14.7 ತೂಕ ಗಾಳಿ ಬೇಕು, ಎಥೆನಾಲಿಗೆ 9 ಸಾಕು. ಇದರ ಅರ್ಥ ಹಳೆಯ ಕಾರ್ಬುರೇಟರ್ ಕಾರಿನವರಿಗೆ ಮುಖ್ಯ. ಹಳೆಯ ಮಾರುತಿ 800ರ ಜೆಟ್ಟಿನ ತೂತು ಬರೀ ಪೆಟ್ರೋಲಿನ ಲೆಕ್ಕಕ್ಕೆ ಕೊರೆದದ್ದು. ಎಥೆನಾಲ್ ಬೆರೆತಾಗ ಅದೇ ತೂತಿನಿಂದ ಬರುವ ಇಂಧನ ಗಾಳಿಗೆ ಸಾಲದು. ಇಂಧನ ಕಡಿಮೆಯಾದ ಉರಿಯಲ್ಲಿ ಪೂರ್ತಿ ವೇಗದಲ್ಲಿ ಸುತ್ತು ಹೊಡೆದರೆ ವಾಲ್ವು, ಪಿಸ್ಟನ್ನು ಸುಡಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿ ಬೆಳ್ಳಗೆ ಬೂದಿ ಬಣ್ಣವಾಗಿದ್ದರೆ ಇಂಧನ ಸಾಲುತ್ತಿಲ್ಲ, ನಸುಗಂದು ಇದ್ದರೆ ಸರಿ, ಮಸಿ ಇದ್ದರೆ ಹೆಚ್ಚಾಗಿದೆ. ಹೊಸ ಇಂಜೆಕ್ಷನ್ ಕಾರುಗಳಲ್ಲಿ ಸೆನ್ಸರು ನೋಡಿಕೊಂಡು ತಾನೇ ಸರಿಪಡಿಸುತ್ತದೆ. ಆದರೂ 2023ಕ್ಕಿಂತ ಹಿಂದಿನ ಕಾರುಗಳಲ್ಲಿ ಪೆಟ್ರೋಲ್ ಪೈಪಿನ ರಬ್ಬರು, ಸೀಲುಗಳು ಈ ಮಿಶ್ರಣಕ್ಕೆ ತಯಾರಾದವು ಆಗಿರಲಿಕ್ಕಿಲ್ಲ. ಪ್ರತಿ ಸಲ ಬೆರಳಾಡಿಸಿ, ಅಂಟು ಅಂಟಾಗಿದ್ದರೆ ಬದಲಿಸಿ. ಕಾದ ಸೈಲೆನ್ಸರ್ ಪೈಪಿನ ಹತ್ತಿರ ಪೆಟ್ರೋಲ್ ಒಸರುವುದಕ್ಕಿಂತ ಅಪಾಯ ಬೇರೆಯಿಲ್ಲ. ಟ್ಯಾಂಕು ಅರ್ಧಕ್ಕಿಂತ ಕೆಳಗಿಳಿಯದಿರಲಿ, ತಿರುವಿನಲ್ಲಿ ಪೆಟ್ರೋಲೂ ಪಕ್ಕಕ್ಕೆ ಓಡುತ್ತದೆ.

ಕಾರಿನೊಳಗೆ ಬಿಡಿಯಾಗಿರುವುದೆಲ್ಲ ಹೊರಗೆ: ನೀರಿನ ಬಾಟಲಿ, ಕಾಲಿನ ಮ್ಯಾಟು, ಜ್ಯಾಕು, ಸ್ಟೆಪ್ನಿ, ಡ್ಯಾಶ್‌ಬೋರ್ಡಿನ ದೇವರ ಮೂರ್ತಿ. ದೇವರನ್ನು ಭಕ್ತಿಯಿಂದಲೇ ಇಳಿಸಿ ಚೀಲದಲ್ಲಿಡಿ. ಬ್ರೇಕಿನ ಕೆಳಗೆ ಹೊರಳಿದ ಒಂದು ಬಾಟಲಿ ಸಾಕು, ಪೆಡಲ್ ಇಳಿಯುವುದಿಲ್ಲ. ಬ್ಯಾಟರಿಯ ಹಿಡಿಕೆ ಬಿಗಿಯಾಗಿರಲಿ. ಸ್ಪ್ರಿಂಗ್ ಕೊಯ್ದು ಗಾಡಿ ತಗ್ಗಿಸುವುದನ್ನು ಮಾಡಲೇಬೇಡಿ. ಸವೆದ ಬುಷ್ಷು, ಸಡಿಲಾದ ಬಾಲ್ ಜಾಯಿಂಟು ಬದಲಿಸಿ ಅಲೈನ್‌ಮೆಂಟ್ ಮಾಡಿಸಿದರೆ ಅದರ ಹತ್ತು ಪಟ್ಟು ಉಪಯೋಗ.

ಮೈಮೇಲಿನ ಬಟ್ಟೆಯ ಬಗ್ಗೆ ಬನಹಟ್ಟಿಯ ನೇಕಾರರಿಗೆ ನಾನು ಹೇಳಿಕೊಡಬೇಕಾದ್ದಿಲ್ಲ. ನೂಲಿನ ಎಳೆಗೆ ಬೆಂಕಿ ತಾಗಿಸಿ ಹತ್ತಿಯೋ ಪಾಲಿಯೆಸ್ಟರೋ ಎಂದು ಗುರುತಿಸುವ ಪರೀಕ್ಷೆ ಅವರಿಗೆ ಗೊತ್ತು. ಹತ್ತಿ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗುಂಡಾಗುತ್ತದೆ. ಆ ಕರಗಿದ ಗುಂಡು ಚರ್ಮಕ್ಕೆ ಹತ್ತಿದರೆ ಏನಾಗುತ್ತದೆಂದು ಊಹಿಸಿ. ಬೆಂಕಿ ತಡೆಯುವ ರೇಸಿಂಗ್ ಸೂಟು ಕೊಳ್ಳಲಾಗದವರು ಕನಿಷ್ಠ ಉದ್ದ ತೋಳಿನ, ಉದ್ದ ಕಾಲಿನ ಹತ್ತಿ ಬಟ್ಟೆ ಹಾಕಿಕೊಳ್ಳಿ, ಹೊಳೆಯುವ ಟ್ರ್ಯಾಕ್ ಸೂಟು ಬೇಡ. ಹೆಲ್ಮೆಟ್ಟಿನಲ್ಲಿ ಸ್ನೆಲ್ ಸಂಸ್ಥೆಯ ಎಸ್‌ಎ ಗುರುತಿನದ್ದು ಕಾರಿಗೆಂದೇ ಮಾಡಿದ್ದು, ಒಳಗಿನ ಬಟ್ಟೆ ಬೆಂಕಿ ತಡೆಯುತ್ತದೆ. ನಾಲ್ಕು ಪಟ್ಟಿಯ ಬೆಲ್ಟನ್ನು ಕಂಪನಿಯ ಸೀಟಿಗೆ ತಾವೇ ಕಟ್ಟಿಕೊಳ್ಳುವವರನ್ನು ಕಂಡಿದ್ದೇನೆ. ಕಾರು ಮಗುಚಿ ಚಾವಣಿ ಕುಸಿದರೆ ಆ ಬೆಲ್ಟು ಮೈಯನ್ನು ನೆಟ್ಟಗೆ ಹಿಡಿದಿಟ್ಟು ತಲೆಯನ್ನೇ ಚಾವಣಿಗೆ ಕೊಡುತ್ತದೆ. ಉಕ್ಕಿನ ಕೇಜು, ಅದಕ್ಕೆ ಹೊಂದುವ ಸೀಟು, ಆ ಬೆಲ್ಟು ಮೂರೂ ಒಟ್ಟಿಗೆ ಬರಬೇಕು. ಇಲ್ಲವಾದರೆ ಕಂಪನಿಯ ಮೂರು ಪಟ್ಟಿಯ ಬೆಲ್ಟೇ ಲೇಸು.

ವಿಮೆಯ ಬಗ್ಗೆ ಒಂದು ಮಾತು. ಖಾಸಗಿ ಕಾರಿನ ಪಾಲಿಸಿಯಲ್ಲಿ ಪಂದ್ಯ, ವೇಗ ಪರೀಕ್ಷೆ ಹೊರತು ಎಂದು ಬರೆದಿರುತ್ತದೆ. ಟ್ರ್ಯಾಕಿನಲ್ಲಿ ಕಾರು ಜಖಂ ಆದರೆ ಖರ್ಚು ನಿಮ್ಮದು. ಮನೆಯವರಿಗೆ ಇದನ್ನು ಹೋಗುವ ಮೊದಲೇ ಹೇಳಿ. ಬೆಂಗಳೂರು ದಾಟಿ ಒಯ್ದ ಅದೇ ಕಾರಿನಲ್ಲಿ ಮರಳಿ ಬರಬೇಕು ಎಂಬುದೂ ನೆನಪಿರಲಿ. ಆದ್ದರಿಂದ ಇಡೀ ದಿನ ಕಾರಿನ ಸಾಮರ್ಥ್ಯದ ಹತ್ತರಲ್ಲಿ ಎಂಟು ಪಾಲು ಓಡಿಸಿದರೆ ಸಾಕು, ಕಲಿಯುವವನಿಗೆ ಅಷ್ಟರಲ್ಲಿ ಬೇಕಾದಷ್ಟು ಇದೆ.

ಜೊತೆಗೆ ಒಬ್ಬರನ್ನು ಕರೆದೊಯ್ಯಿರಿ, ಓಡಿಸುವವನ ಮೇಲೆ ಸಲಿಗೆ ಇರುವವರು ಬೇಕು. ನಟ್ಟು, ಹವಾ, ಎಣ್ಣೆ, ಪ್ಯಾಡು ನೋಡುವ ಕೆಲಸ ಅವರದು. “ಇವತ್ತ ಸಾಕೋ ಮಾರಾಯ, ಪ್ಯಾಡ್ ಮುಗದಾವು” ಎಂದರೆ ಎದುರು ಮಾತಿಲ್ಲದೆ ಕೀಲಿ ಅವರ ಕೈಗೆ ಹೋಗಬೇಕು. ಹೆಲ್ಮೆಟ್ ತೊಟ್ಟವನಿಗೆ ಆ ಹೊತ್ತಿನಲ್ಲಿ ಈ ನಿರ್ಧಾರ ಮಾಡುವ ತಾಳ್ಮೆ ಇರುವುದಿಲ್ಲ.

ಊರಿಗೆ ಬಂದ ಮೇಲಿನ ಕೆಲಸ ಹೋಗುವ ಮೊದಲಿನದಕ್ಕಿಂತ ಹೆಚ್ಚಿನದು. ಒಂದು ನೋಟ್‌ಬುಕ್ ಇಡಿ. ಆ ದಿನದ ಬಿಸಿಲು, ಬೆಳಗಿನ ಹವಾ, ಸರದಿ ಮುಗಿದಾಗಿನ ಹವಾ, ಪ್ಯಾಡಿನ ದಪ್ಪ, ಎಷ್ಟು ಎಣ್ಣೆ ಕುಡಿದಿದೆ ಎಲ್ಲವೂ ಅದರಲ್ಲಿ ಬರಲಿ. ನಾಲ್ಕು ದಿನದ ಲೆಕ್ಕ ಸೇರಿದರೆ ನಿಮ್ಮ ಕಾರಿನ ಸ್ವಭಾವ ಅದರಲ್ಲೇ ಕಾಣುತ್ತದೆ, ಬೇರೆಯವರ ಸಲಹೆ ಬೇಕಾಗುವುದಿಲ್ಲ. ಕಾರನ್ನು ಘೋಡಿಯ ಮೇಲೆ ನಿಲ್ಲಿಸಿ ಚಕ್ರ ಅಲ್ಲಾಡಿಸಿ ಬೇರಿಂಗ್ ನೋಡಿ. ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ನುಸುಳಬೇಡಿ. ಕೀಲುಗಳನ್ನು ಮುಚ್ಚುವ ರಬ್ಬರಿನ ಬೂಟುಗಳು ಬಿಸಿಗೆ ಸೀಳಿವೆಯೇ ನೋಡಿ, ಸೀಳಿದ್ದರೆ ಗ್ರೀಸು ಹೊರಬಿದ್ದು ಕರಿಮಣ್ಣು ಒಳಗೆ ಹೋಗುತ್ತದೆ. ಬ್ರೇಕ್ ದ್ರವದ ಬಣ್ಣ ಕಪ್ಪಾಗಿದ್ದರೆ ಮುಂದಿನ ಸಲ ಕಾಯದೆ ಈಗಲೇ ತೆಗೆಸಿ.

ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕಾರು ನಿಲ್ಲುವುದಿದ್ದರೆ ಎಥೆನಾಲ್ ಬೆರೆತ ಪೆಟ್ರೋಲನ್ನು ಅರ್ಧ ಟ್ಯಾಂಕಿನಲ್ಲಿ ಬಿಡಬೇಡಿ. ಖಾಲಿ ಜಾಗದ ಗಾಳಿಯಿಂದ ಅದು ತೇವ ಹೀರುತ್ತದೆ. ತೇವ ಹೆಚ್ಚಾದರೆ ನೀರು-ಎಥೆನಾಲ್ ಬೇರೆಯಾಗಿ ತಳಕ್ಕೆ ಕೂರುತ್ತದೆ, ಪಂಪು ಮೊದಲು ಹೀರುವುದು ಆ ತಳದ್ದನ್ನೇ. ಟ್ಯಾಂಕು ತುಂಬಿಸಿಡಿ, ಇಲ್ಲವೇ ಪೂರ್ತಿ ಬಸಿದು, ಕಾರ್ಬುರೇಟರಿನ ಬಟ್ಟಲೂ ಒಣಗಿಸಿ ಮುಚ್ಚಿಡಿ. ಟೈರಿಗೆ ಒಂದೆರಡು ಪೌಂಡ್ ಹೆಚ್ಚು ಹವಾ ಹಾಕಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಇಲಿ ಹೋಗದಂತೆ ಏರ್ ಫಿಲ್ಟರಿನ ಬಾಯಿಗೆ ಜಾಲಿ ಕಟ್ಟಿ. ದಸರೆಗೆ ತೆಗೆಯುವಾಗ ಮೊದಲು ಬ್ರೇಕ್ ಒತ್ತಿ ಪೆಡಲ್ ಗಟ್ಟಿಯಿದೆಯೇ ನೋಡಿ, ಆಮೇಲೆ ಕೀಲಿ ತಿರುವಿ.